ಬೆನ್ನಿಗೆ ಮರಳಿದ ಶಿಲುಬೆ

ಬಿಚ್ಚಿದ ಜರಿದಾರ ಬೆರಳಿಗೆ ಸುತ್ತಿಕೊಂಡಿದೆ, ಬಿಡುತ್ತಿಲ್ಲ, ಕಬ್ಬಿನ ಗದ್ದೆಗೆ ಬೆಂಕಿ ಹಚ್ಚಿದ ಹೊಗೆ ಕಿಟಕಿಯಿಂದ ಬಂದು ಅದರ ಹೊಳಪನ್ನೂ ಮಂಕು ಮಾಡುತ್ತಿದೆ, ಸುಲ್ಮೀರ ತನ್ನ ತೊಡೆಯ ಮೇಲಿನ, ಪಾದ್ರಿಯ ಪೂಜಾವಸ್ತ್ರವನ್ನು ಸವರುತ್ತಾಳೆ — ಎದೆಯ ಮೇಲೆ ಇಲ್ಲೇ ಇತ್ತು ಶಿಲುಬೆ, ಈಗ ಬರೀ ಸೂಜಿತೂತುಗಳು, ಎಂಜಲು ಹಚ್ಚಿ ಉಗುರಿನಲ್ಲಿ ಉಜ್ಜಿದರೂ ಮುಚ್ಚವು, ರೇಷ್ಮೆ ಮರೆಯುವುದಿಲ್ಲ. ಬೆನ್ನಿಗೇ ಹಾಕಮ್ಮಾ ಅಂದರು ಹೊಸ ಸ್ವಾಮಿ ಗೌದೆನ್ಸಿಯೋ, ಪೂಜೆ ಮಾಡೋನು ದೇವರ ಕಡೆ ನೋಡ್ಬೇಕು, ಜನರ ಕಡೆ ತಿರುಗಿದ್ರೆ ಸಂತೆ ಆಗ್ತದೆ, ಇದನ್ನ ಭಾನುವಾರಕ್ಕೆ ಮುಗಿಸು, ನಿನ್ನ ಗಂಡನ ವಿಷಯ ಕರ್ನಲ್ ಹತ್ರ ನಾನು ಮಾತಾಡ್ತೀನಿ — ಆಗ್ಲಿ ಸ್ವಾಮಿ, ಓಸೋರಿಯೋ ಬದುಕಿ ಬರುವುದಾದರೆ ಬೆನ್ನಿಗೇನು, ಅಂಗಿಯ ಅಂಚಿಗೆ ಬೇಕಾದರೂ ಹೊಲಿದಾಳು, ಹಿಂದಿನ ಸ್ವಾಮಿಯ ಕಾಲದಲ್ಲಿ ಬೆನ್ನಿನಿಂದ ಬಿಚ್ಚಿ ಎದೆಗೆ ತಂದವಳೂ ಇವಳೇ ತಾನೆ. ಚಿಕ್ಕಂದಿನಲ್ಲಿ ಪೂಜೆಯೆಂದರೆ ಒಂದು ಬೆನ್ನು, ಯಾರಿಗೂ ತಿಳಿಯದ ಲ್ಯಾಟಿನ್‌ನಲ್ಲಿ ಗೊಣಗುವ ಬೆನ್ನು, ಅಜ್ಜಿ ಜಪಮಾಲೆ ಹಿಡಿದು ಅಲ್ಲೇ ನೋಡೇ ದೇವರು ಅನ್ನುತ್ತಿದ್ದಳು, ಆಮೇಲೆ ಜನರ ಕಡೆ ತಿರುಗಿ ಅಂತ ರೋಮಿನಿಂದ ಅಪ್ಪಣೆ ಬಂತಂತೆ, ಆಗಿದ್ದ ಆನ್ಸೆಲ್ಮೋ ಸ್ವಾಮಿ ಬಲಿಪೀಠವನ್ನು ಗೋಡೆಯಿಂದ ಈಚೆಗೆ ಎಳೆಸಿದರು, ಕಬ್ಬು ಕಡಿಯುವ ಗಂಡಸರೆಲ್ಲ ಹೆಗಲು ಕೊಟ್ಟರು, ಏನ್ ಸ್ವಾಮಿ ಇದು, ನಮ್ಮ ಧಣಿಗಿಂತ ಭಾರ ಇದ್ಯಲ್ಲ ಅಂತ ಓಸೋರಿಯೋ, ಜನರ ಕಡೆ ತಿರುಗಿ ನಿಂತ ಸ್ವಾಮಿಗೆ ಒಂದು ಮುಖವಿತ್ತು, ಬೆವರುವ ಮುಖ, ಗಲ್ಲದಲ್ಲಿ ಕ್ಷೌರದ ಗಾಯ, ಆ ಮುಖ ಬೈಬಲ್ ವಾಕ್ಯ ಓದಿ ಮುಗಿಸಿ ಕೇಳಿತು — ಇದು ಕೇಳಿ ನಿಮಗೇನನ್ನಿಸ್ತು, ಹೇಳಿ. ದೇವರ ಮನೆಯಲ್ಲಿ ಇವರನ್ನು ಯಾರು ಏನು ಕೇಳಿದ್ದರು, ಬೆಂಚುಗಳು ಕಿರುಗುಟ್ಟಿದ್ದಷ್ಟೇ, ವಾರಗಳು ಕಳೆದು ಕೊನೆಗೆ ಎದ್ದವನು ಇವಳ ಗಂಡನೇ, ಸ್ವಾಮಿ, ಈಜಿಪ್ಟಿನಲ್ಲಿ ಗುಲಾಮರಾಗಿ ಇಟ್ಟಿಗೆ ಹೊತ್ತೋರು ನಾವೇ ಅಲ್ವಾ, ಆ ಫರೋಹ ರಾಜನಿಗೂ ನಮ್ಮ ಮಿಲ್ಲಿನ ಧಣಿ ಥರಾನೇ ಹೊಟ್ಟೆ ಇತ್ತಾ — ಇಡೀ ಚರ್ಚು ನಕ್ಕಿತು, ಇವಳು ತಲೆವಸ್ತ್ರ ಬಾಯಿಗೆ ಒತ್ತಿಕೊಂಡಳು, ಹಿಂದಿನ ಬೆಂಚಿನ ಮಿಲ್ಲಿನ ಕಾವಲುಗಾರ ಮಾತ್ರ ನಗಲಿಲ್ಲ. ಸುಮ್ನಿರಬಾರ್ದಾ ನೀನು, ಮನೆಗೆ ಬರುತ್ತ ಇವಳು ಅಂದಳು. ಅಲ್ಲ ಕಣೇ, ಅವ್ರು ಕೇಳಿದ್ರು, ನಾನು ಹೇಳ್ದೆ, ಕೇಳಿದ್ಮೇಲೂ ಹೇಳ್ದೇ ಇದ್ರೆ ಅದು ಮರ್ಯಾದೆನಾ. ಆ ಮರ್ಯಾದೆಗೇ ಸೈನ್ಯದ ಜೀಪು ಬಂತು, ಬೀನ್ಸಿಗೆ ಕಲಸಿದ ಮರಗೆಣಸಿನ ಹಿಟ್ಟು ತಟ್ಟೆಯಲ್ಲೇ ಗಟ್ಟಿಯಾಯಿತು, ಜೀಪು ಅವನನ್ನು ಹತ್ತಿಸಿಕೊಂಡು ರೆಸೀಫೆ ಪಟ್ಟಣದ ಕಡೆ ಹೋಯಿತು, ಆನ್ಸೆಲ್ಮೋ ಸ್ವಾಮಿಯನ್ನೂ ಎಲ್ಲಿಗೋ ಕಳಿಸಿದರು, ಬಲಿಪೀಠ ಮತ್ತೆ ಗೋಡೆಗೆ ಅಂಟಿತು, ನೆಲದಲ್ಲಿ ಎಳೆದ ಗೀರುಗಳು ಉಳಿದವು, ಎದೆಯಲ್ಲಿ ತೂತುಗಳು.

ಭಾನುವಾರ ಪೂಜೆಗೆ ಮುಂಚೆ ವಸ್ತ್ರ ತೊಡಿಸುತ್ತ ಕೇಳುತ್ತಾಳೆ, ಸ್ವಾಮಿ, ಕರ್ನಲ್ ಏನಂದ್ರು — ಕೇಳ್ದೆನಮ್ಮಾ, ಆ ಹೆಸರಿನೋರು ಯಾರೂ ಇಲ್ವಂತೆ, ಯಾವತ್ತೂ ಇರ್ಲೇ ಇಲ್ವಂತೆ, ಪ್ರಾರ್ಥನೆ ಮಾಡು, ಹೊಲಿಗೆ ಚೆನ್ನಾಗಿದೆ. ಇರಲೇ ಇಲ್ಲ — ಹಾಗಾದರೆ ಬಲಿಪೀಠದ ಆ ಮೂಲೆ ಹೊತ್ತವನು, ನಗಿಸಿದವನು, ತಟ್ಟೆಯ ಮುಂದಿನಿಂದ ಎದ್ದುಹೋದವನು — ಗಂಟೆ ಬಾರಿಸಿತು, ಸ್ವಾಮಿ ಗೋಡೆಗೆ ಮುಖ ಮಾಡಿ ನಿಂತರು, ಎಲ್ಲರೂ ಮೊಣಕಾಲೂರಿದರು, ಬೆನ್ನ ಮೇಲೆ ಇವಳೇ ಹೊಲಿದ ಶಿಲುಬೆ ಥಳಥಳ, ಯಾರೂ ಏನೂ ಕೇಳುವುದಿಲ್ಲ ಇನ್ನು, ಇವಳಿಗೆ ಆ ಜರಿ ಕಾಣುತ್ತಿಲ್ಲ, ಕಾಣುವುದು ಅದರ ಆಚೆ, ಎದೆಯ ಮೇಲೆ, ಗೋಡೆಯೊಂದೇ ನೋಡುತ್ತಿರುವ ತೂತುಗಳು, ಶಿಲುಬೆಯಾಗಿ ನಿಂತ ತೂತುಗಳು, ಮುಚ್ಚದ, ಆ ತೂತುಗಳು