ಆಕಾಶದ ಲೆಕ್ಕ ಕೊಟ್ಟ ಚೂಡಾ ಡಬ್ಬಿ

ನಾನು ಒಂದು ಕಣ ಎಣಿಸುವ ಯಂತ್ರ. ಹೆಸರು ದೊಡ್ಡದು, ಮೈ ಸಣ್ಣದು. ಹುಟ್ಟಿದ್ದು ಧಾರವಾಡದ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ. ಅಂಗೈಯಷ್ಟು ಅಗಲದ ತಿಳಿ ಪ್ಲಾಸ್ಟಿಕ್ ಫಲಕವೇ ನನ್ನ ಎದೆ. ಅದಕ್ಕೆ ಬೆಳ್ಳಿಹಾಳೆ ಸುತ್ತಿ, ಮೇಲೆ ಕಪ್ಪು ಕಾಗದ ಸುತ್ತಿ, ಬೆಳಕಿನ ಸಣ್ಣ ಮಿಣುಕನ್ನೂ ಬಿಡದೆ ಹಿಡಿಯುವ ಗಾಜಿನ ನಳಿಗೆ ಅಂಟಿಸಿ, ಎಲ್ಲವನ್ನೂ ಆ ವಿಭಾಗದ ಮೇಷ್ಟ್ರು ಗಲಗಲಿ ಸರ್ ತಮ್ಮ ಮನೆಯ ಅವಲಕ್ಕಿ ಚೂಡಾ ಡಬ್ಬಿಯೊಳಗೆ ಕೂರಿಸಿದರು. ಎಷ್ಟು ಒರೆಸಿದರೂ ಒಗ್ಗರಣೆಯ ವಾಸನೆ ಹೋಗಲಿಲ್ಲ.

ನನ್ನ ಕೆಲಸ ತೀರ ಸರಳ. ಆಕಾಶದ ಮೇಲುತುದಿಯಲ್ಲಿ ಹುಟ್ಟಿದ ಕಣಗಳು ಸದಾ ಕೆಳಗೆ ಬೀಳುತ್ತಿರುತ್ತವೆ. ಅವಕ್ಕೆ ಛಾವಣಿಯೂ ಒಂದೇ, ಮನುಷ್ಯರ ನೆತ್ತಿಯೂ ಒಂದೇ. ಒಂದು ಕಣ ನನ್ನನ್ನು ಹಾದು ಹೋದರೆ ನಾನು ಟಕ್ ಎನ್ನುತ್ತೇನೆ, ಮುಖದ ಮೇಲಿನ ಕೆಂಪು ಅಂಕಿ ಒಂದು ಹೆಚ್ಚುತ್ತದೆ. ಅವಕ್ಕೆ ತಾಳವಿಲ್ಲ, ಸರದಿಯಿಲ್ಲ. ತಗಡಿನ ಮೇಲೆ ಬೀಳುವ ಮೊದಲ ಮಳೆಹನಿಗಳ ಹಾಗೆ, ಒಮ್ಮೆ ಮೂರು ಒಟ್ಟಿಗೆ, ಆಮೇಲೆ ಸುಮ್ಮನೆ. ಇಷ್ಟನ್ನು ಅರ್ಥ ಮಾಡಿಸಲು ನಾನು ಪಟ್ಟ ಪಾಡು ಯಾವ ಯಂತ್ರಕ್ಕೂ ಬೇಡ.

ವಿಜ್ಞಾನ ದಿನದಂದು ನನ್ನನ್ನು ಮೇಜಿನ ಮೇಲೆ ಇಡುತ್ತಿದ್ದರು. ಬಂದವರೆಲ್ಲ ಬಗ್ಗಿ ನೋಡಿ, "ಇದರಿಂದ ಏನ್ ಉಪಯೋಗ್ರಿ?" ಎನ್ನುತ್ತಿದ್ದರು. ಮೇಜಿನ ಮೇಲಿನ ಹೂದಾನಿಯನ್ನು ಯಾರೂ ಹಾಗೆ ಕೇಳಿದ್ದನ್ನು ನಾನು ಕಾಣೆ.

ಒಂದು ವರ್ಷ ಶಿಕ್ಷಣ ವಿಭಾಗದಿಂದ ಇಂದುಮತಿ ಹಾವನೂರ ಬಂದರು. ಮಕ್ಕಳ ತಲೆಯೊಳಗೆ ಸಂಖ್ಯೆ ಹೇಗೆ ಮೂಡುತ್ತದೆ, ಎಣಿಸದೆಯೇ ಹೆಚ್ಚು ಕಡಿಮೆ ಹೇಗೆ ಗೊತ್ತಾಗುತ್ತದೆ ಎಂಬುದು ಅವರ ಸಂಶೋಧನೆ. ಆಕಾಶದಿಂದ ಬರುವ ಸದ್ದು ಎಂದರೆ ಮಕ್ಕಳು ಕಿವಿಗೊಡುತ್ತಾರೆ ಎಂದು ಅವರ ಆಸೆ.

"ಸರ, ಇದು ನಿಮಿಷಕ್ಕ ಎಷ್ಟು ಸಲ ಬಡಿತೈತ್ರಿ?"

"ಸರಾಸರಿ ಅರವತ್ತು ಅಂತ ಇಟ್ಕೋರಿ," ಎಂದು ಗಲಗಲಿ ಸರ್ ಚಹಾ ಕುಡಿಯಲು ಹೋದರು.

ಎಲ್ಲ ಕೆಟ್ಟದ್ದು ಅಲ್ಲಿ. ಭೌತಶಾಸ್ತ್ರದವರು ಸರಾಸರಿ ಎಂದು ಬಾಯಲ್ಲಿ ಅಂದು ಉಳಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಇಂದುಮತಿ ಅದನ್ನು ಸೆಕೆಂಡಿಗೆ ತಪ್ಪದೆ ಒಂದು ಎಂದು ತಿಳಿದು, ಸ್ಕೂಟಿಯ ಮೇಲೆ ನನ್ನನ್ನು ಕಾಲ ನಡುವೆ ಇಟ್ಟುಕೊಂಡು ಮನೆಗೆ ತಂದರು. ಅಂಕಿ ಕಾಣದಂತೆ ನನ್ನ ಮುಖಕ್ಕೆ ಕಪ್ಪು ಟೇಪು ಬಡಿದರು. ಪಕ್ಕದಲ್ಲಿ ಗುಂಡಿ ಒತ್ತಿದರೆ ಉರಿಯುವ ಎರಡು ದೀಪ ಇಟ್ಟರು. ಒಂದು ಸರದಿಯಲ್ಲಿ ಕೆಂಪು ದೀಪ ಹತ್ತು ಸೆಕೆಂಡು ಉರಿಯಬೇಕು, ಹಸಿರು ಎಂಟು, ಇನ್ನೊಂದರಲ್ಲಿ ಅದಲುಬದಲು. ಯಾವ ದೀಪ ಉರಿಯುವಾಗ ಟಕ್ಕುಗಳು ಹೆಚ್ಚು ಎಂದು ಮಗು ಹೇಳಬೇಕು. ಹೊತ್ತು ಯಾವುದು ಹೆಚ್ಚೋ ಅದೇ ಸರಿ ಉತ್ತರ. ನಾನು ಒಂದು ಸದ್ದು ಮಾಡುವ ಮೊದಲೇ ಸರಿ ಉತ್ತರಗಳು ತಯಾರಾಗಿದ್ದವು!

ಪ್ರಯೋಗ ನಡೆದದ್ದು ಅವರ ಮಗಳು ಅವನಿ ಓದುವ ಶಾಲೆಯಲ್ಲಿ, ಅವಳ ನಾಲ್ಕನೆಯ ತರಗತಿಯಲ್ಲೇ. ಚುರುಕು ಹುಡುಗರು ಎರಡೇ ಸರದಿಯಲ್ಲಿ ಗುಟ್ಟು ಹಿಡಿದರು. ಕಿವಿ ಬಿಟ್ಟು ದೀಪ ನೋಡಿದರು, ಹೆಚ್ಚು ಹೊತ್ತು ಉರಿದದ್ದನ್ನು ಹೇಳಿ ಪೂರಾ ಅಂಕ ಹೊಡೆದರು. ಅವನಿ ಮಾತ್ರ, ತಾಯಿ ಕೂಗಿ ಹೇಳುವ ಬಣ್ಣದ ಹೆಸರಷ್ಟನ್ನೇ ಹಿಡಿದು, ಕಣ್ಣು ಮುಚ್ಚಿ ಕೂತಳು. ಇಡೀ ತರಗತಿಯಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ. ಕೆಂಪು ಎನ್ನಬೇಕಾದಲ್ಲಿ ಹಸಿರು ಎಂದಳು. ಕೆಲವೆಡೆ "ಎರಡೂ ಸಮ" ಎಂದಳು. ಸಮ ಎಂಬ ಉತ್ತರವೇ ಅಲ್ಲಿ ಇರಲಿಲ್ಲ. ಇಂದುಮತಿ ಗಡಿಯಾರ ನೋಡುತ್ತ ಮಗಳ ಮುಂದೆ ತಪ್ಪಿನ ಗುರುತು ಹಾಕುತ್ತ ಹೋದರು. ನಾನು ಟಕ್ ಟಕ್ ಎಂದು ಬಡಿದುಕೊಂಡೆ. ನನಗೆ ಬೇರೆ ಮಾತು ಬರುವುದಿಲ್ಲವಲ್ಲ.

ಮುಖ್ಯೋಪಾಧ್ಯಾಯಿನಿ ಸಂಶಿಮಠ ಟೀಚರ್ ಫಲಿತಾಂಶ ನೋಡಿ ಹಿಗ್ಗಿದರು. ಲೆಕ್ಕದಲ್ಲಿ ಮಂದ ಇರುವವರಿಗೆ ಬೇರೆ ಕೋಣೆ ಮಾಡುವುದು ಅವರ ಬಹುದಿನದ ಹಂಬಲ. ಸೋಮವಾರದಿಂದ ಅವನಿ ಗೆಳತಿಯರನ್ನು ಬಿಟ್ಟು ಆ ಕೋಣೆಗೆ ಹೋಗಬೇಕೆಂದು ತೀರ್ಮಾನವಾಯಿತು. ಸ್ವಂತ ಸಂಶೋಧನೆ ಹೇಳಿದ್ದನ್ನು ಅಲ್ಲ ಎನ್ನುವುದು ಹೇಗೆ? ಇಂದುಮತಿ ಒಪ್ಪಿದರು.

ಶನಿವಾರ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ನಾನಿದ್ದೆ. ಕೆಲಸದಿಂದ ಬಂದು, ಸೀರೆಯನ್ನೂ ಬದಲಿಸದೆ ಇಂದುಮತಿ ಚಪಾತಿ ಲಟ್ಟಿಸುತ್ತಿದ್ದರು. ಅವನಿ ಬಾಗಿಲಿಗೆ ಒರಗಿ ನಿಂತಿದ್ದಳು.

"ನಾ ಆ ಖೋಲಿಗೆ ಹೋಗಂಗಿಲ್ಲ."

"ಅತ್ತರ ಆಗೂದಿಲ್ಲವಾ. ಅಷ್ಟ್ ಸಸಾರ ಇತ್ತು! ಎಲ್ಲಾರೂ ಹೇಳಿದ್ರು, ನಿನಗs ಏನಾಗಿತ್ತು?"

"ಅವರು ಕೇಳಲೇ ಇಲ್ಲ ಮಮ್ಮಿ. ನಾ ಕೇಳೇನಿ."

"ವಾದ ಮಾಡೂದಕ್ಕೇನೂ ಕಡಿಮಿ ಇಲ್ಲ. ಬಾ ಇಲ್ಲಿ, ನಿನ್ನ ಕಣ್ಣಿಗೇ ತೋರಸ್ತೀನಿ!"

ಹಿಟ್ಟಿನ ಕೈಯಲ್ಲೇ ಚರ್ರನೆ ಟೇಪು ಕಿತ್ತರು. ಅಷ್ಟು ದಿನದ ಮೇಲೆ ನನಗೆ ಉಸಿರು ಬಂದಂತಾಯಿತು. ಬಣ್ಣದ ಹೆಸರು ಕೂಗಿ ಗುಂಡಿ ಒತ್ತಿದರು. ಕೆಂಪು ದೀಪ ಹತ್ತು ಸೆಕೆಂಡು ಉರಿದು ಆರಿತು. ನನ್ನ ಮುಖದ ಮೇಲೆ ಎಂಟು. ಅಂಕಿಯನ್ನು ಸೊನ್ನೆಗೆ ತಂದರು, ಹಸಿರು ಎಂಟು ಸೆಕೆಂಡು ಉರಿದು ಆರಿತು. ಹನ್ನೊಂದು.

"ಹಸಿರು," ಎಂದಳು ಕಣ್ಣು ಮುಚ್ಚಿದ್ದ ಅವನಿ.

ಇಂದುಮತಿ ಮತ್ತೊಮ್ಮೆ ಒತ್ತಿದರು, ಮಗದೊಮ್ಮೆ ಒತ್ತಿದರು. ಹೆಂಚಿನ ಮೇಲಿನ ಚಪಾತಿ ಕರಿಯಾಯಿತು. ಕೊನೆಗೆ ಗಲಗಲಿ ಸರ್‌ಗೆ ಫೋನು.

"ಸರ, ನಿಮ್ಮ ಡಬ್ಬಿ ಕೆಟ್ಟೈತ್ರಿ. ಹತ್ತು ಸೆಕೆಂಡಿನ್ಯಾಗ ಎಂಟs ಬಡೀತು."

"ಬಡೀಲಿ ಬಿಡ್ರಿ, ಅದರ ಧರ್ಮನs ಅದು. ನಾ ಸರಾಸರಿ ಅಂದಿದ್ದೆ. ಆಕಾಶಕ್ಕೇನು ಗಡಿಯಾರ ಕಟ್ಟೀರೇನು?"

ಇಷ್ಟು ಮಾತನ್ನು ಅಂದೇ, ಚಹಾಕ್ಕೆ ಹೋಗುವ ಮುಂಚೆ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಇಂದುಮತಿ ನೆಲದ ಮೇಲೆ ಕೂತುಬಿಟ್ಟರು. ಮಗಳು ಸರಿಯೆಂದರೆ ಪ್ರಯೋಗ ತಪ್ಪು, ವರ್ಷದ ದುಡಿಮೆ ನೀರುಪಾಲು. ಪ್ರಯೋಗ ಸರಿಯೆಂದರೆ ಮಗಳು ಆ ಕೋಣೆಗೆ. ಇದಕ್ಕೆ ಸರಾಸರಿ ತೆಗೆಯಲು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ನನ್ನನ್ನು ಎತ್ತಿಕೊಂಡೇ ಶಾಲೆಗೆ ಹೋದರು.

"ಟೀಚರ್, ತಪ್ಪಾಗಿದ್ದು ನನ್ನ ಪರೀಕ್ಷೆ, ಹುಡುಗುರದಲ್ಲ. ಯಾರನ್ನೂ ಬ್ಯಾರೆ ಕೂಡಸಬ್ಯಾಡ್ರಿ."

ಸಂಶಿಮಠ ಟೀಚರ್ ಕನ್ನಡಕ ತೆಗೆದರು. "ಅಲ್ಲವಾ ಇಂದುಮತಿ, ಖೋಲಿಗೆ ಬಣ್ಣ ಹಚ್ಚಿಸೇನಿ. ಬಾಗಲಿಗೆ ಬೋರ್ಡೂ ಬರಿಸೇನಿ. ಈಗ ಅದರಾಗ ಯಾರನ್ನ ಕೂಡಸ್ಲಿ?"

"ಕೇಳದವರಿಗೆ ಪೂರಾ ಅಂಕ ಕೊಟ್ಟೇನಲ್ರಿ, ನನ್ನ ಕೂಡಸ್ರಿ."

ಟೀಚರ್ ಕನ್ನಡಕವನ್ನು ಮತ್ತೆ ಏರಿಸಿದರು. ಆಮೇಲೆ ಬೋರ್ಡು ಇಳಿಸಲು ಹೇಳಿದರು. ಆ ಕೋಣೆಯಲ್ಲಿ ಈಗ ಕವಾಯತಿನ ಲೆಜಿಮು, ಡಂಬೆಲ್ಸು ಇಡುತ್ತಾರಂತೆ. ಅವನಿ ಹಳೆಯ ಜಾಗದಲ್ಲೇ ಕೂತಳು. ಹದಿನೇಳರ ಮಗ್ಗಿ ಅವಳಿಗೆ ಆಗಲೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ನನ್ನನ್ನು ಹಿಂದಿರುಗಿಸುವ ಮುನ್ನ ಒಂದು ಭಾನುವಾರ ಮಧ್ಯಾಹ್ನ ಮಗಳು ತಾಯಿಗೆ ಪರೀಕ್ಷೆ ಇಟ್ಟಳು. "ಕಣ್ಣು ಮುಚ್ಚು ಮಮ್ಮಿ. ಬರೇ ಕೇಳು." ಇಂದುಮತಿ ಕಣ್ಣು ಮುಚ್ಚಿದರು. ಕೆಂಪು ಮುಗಿದು ಹಸಿರು ಬರುವಷ್ಟರಲ್ಲಿ ತಲೆ ಗೋಡೆಗೆ ಒರಗಿತ್ತು, ಬಾಯಿ ಅರೆತೆರೆದಿತ್ತು. ಅವನಿ ನೋಡಿದಳು. ನನ್ನ ಸದ್ದಿನ ತಿರುಪನ್ನು ಮೆಲ್ಲಗೆ ಪೂರಾ ಇಳಿಸಿದಳು.

ಈಗ ಕಾಲೇಜಿನ ಉಗ್ರಾಣದಲ್ಲಿ ಮುರಿದ ತಕ್ಕಡಿಗಳ ಪಕ್ಕ ನನ್ನ ವಾಸ. ಗಲಗಲಿ ಸರ್ ನಿವೃತ್ತರಾದರು. ಹೊಸಬರು ನನ್ನ ಮೇಲೆ "ನಿರುಪಯುಕ್ತ" ಎಂದು ಚೀಟಿ ಅಂಟಿಸಿದ್ದಾರೆ. ಅಂಟಿಸಿಕೊಳ್ಳಲಿ. ಚೀಟಿ ಅಂಟಿಸುವುದು ಮನುಷ್ಯರಿಗೆ ಎಷ್ಟು ಬೇಗ ಬರುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಕೀಳಲು ಮಾತ್ರ ತಾಯಿಯೇ ಬೇಕಾಗುತ್ತದೆ. ಕಣಗಳು ಇಂದಿಗೂ ಛಾವಣಿ ದಾಟಿ, ಆ ಚೀಟಿಯನ್ನೂ ದಾಟಿ, ನನ್ನ ಎದೆಯನ್ನು ಹಾದು ಹೋಗುತ್ತಲೇ ಇವೆ. ಬಂತು ಎಂದು ಹೇಳಲು ನನಗೆ ಕರೆಂಟಿಲ್ಲ, ಅಷ್ಟೇ.