ಪ್ರಿಯಂವದಾಳ ಕೈ

ಸಾವಿತ್ರಿ ತನ್ನ ಅಕ್ಕ ಪ್ರಿಯಂವದಾಳ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದು ಹಸಿರು ಬಳೆ ಏರಿಸಿದಳು. ಗೆಣ್ಣುಗಳಲ್ಲಿ ಎಲ್ಲೂ ತಡೆಯದೆ ಅವು ಸರಕ್ಕನೆ ಮಣಿಕಟ್ಟಿಗೆ ಇಳಿದವು.

"ಕೈ ಎಷ್ಟು ಮೆತ್ತಗಾಗ್ಯಾವ ನೋಡ್ರಿ ಭಾವ," ಎಂದವಳು ಒಮ್ಮೆಲೇ ಬಿಕ್ಕಿದಳು. "ಆ ಔಷಧ ಕೊಡಿಸಬಾರದಾಗಿತ್ರಿ. ಕೈ ನೆಟ್ಟಗ ಮಾಡಿ ಜೀವಾ ಒಯ್ತು."

ಜಯತೀರ್ಥರು ಹೆಂಡತಿಯ ತಲೆಯ ಬಳಿ ಗೋಡೆಗೆ ಒರಗಿ ಕೂತಿದ್ದರು. ನಾರಾಯಣಗೂಡದ ಆ ಓಣಿಯಲ್ಲಿ ಚಟ್ಟದ ಬಿದಿರು ಕಟ್ಟುವವರು ತೆಲುಗಿನಲ್ಲಿ ಇನ್ನಷ್ಟು ಹಗ್ಗ ಕೇಳುತ್ತಿದ್ದರು.

*

ಹಿಂದಿನ ವರ್ಷ ಸಂಧಿವಾತದ ಡಾಕ್ಟರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೈ ಕಾಯಬೇಕಾದ ಜೀವಕೋಶಗಳೇ ಪ್ರಿಯಂವದಾಳ ಕೀಲುಗಳ ಮೇಲೆ ತಿರುಗಿಬಿದ್ದಿವೆ. ಈ ಹೊಸ ಪ್ರತಿಕಾಯದ ಔಷಧ ರಕ್ತದಲ್ಲಿನ ಆ ಕಾವಲಿನ ಬಿ-ಕೋಶಗಳಿಗೆ ಅಂಟಿಕೊಂಡು ಅವನ್ನು ಅಳಿಸುತ್ತದೆ. ಆದರೆ ತಪ್ಪು ಮಾಡಿದ್ದು ಯಾವುದು, ಮಾಡದ್ದು ಯಾವುದು ಎಂದು ಆರಿಸುವುದಿಲ್ಲ. ಆಮೇಲೆ ಸೋಂಕು ತಗುಲಿದರೆ ಎದುರಿಸುವ ಬಲ ಕುಗ್ಗಿರುತ್ತದೆ.

"ಬ್ಯಾಡ ಬಿಡು," ಅಂದಿದ್ದರು ಜಯತೀರ್ಥರು. "ನಾ ಇದ್ದೀನಲ್ಲ? ಅನ್ನಾ ಕಲಸಿ ಕೊಡ್ತೀನಿ, ಸೀರಿ ಉಡಸ್ತೀನಿ."

"ಇಷ್ಟು ವರ್ಷ ಅದನ್ನ ಮಾಡೀರಿ. ಒಂದಿನ ಮಾರಿ ಗಂಟು ಹಾಕಲಿಲ್ಲ," ಎಂದಳು ಪ್ರಿಯಂವದಾ. "ಆದ್ರ ನನ್ನ ಸೀರಿ ನಾನ ಉಡಬೇಕು ಅನಸ್ತದ್ರಿ. ಎಷ್ಟು ದಿನಾ ಅಂತ ಕೇಳಬ್ಯಾಡ್ರಿ."

ಔಷಧ ರಕ್ತನಾಳದೊಳಗೆ ಹನಿಹನಿಯಾಗಿ ಇಳಿಯಿತು. ಕೆಲವು ತಿಂಗಳಲ್ಲಿ ಬಾವು ಕರಗಿತು. ಅವಳು ತಾನೇ ನೆರಿಗೆ ಹಿಡಿದಳು. ಹಿಮಾಯತ್‌ನಗರಕ್ಕೆ ಒಬ್ಬಳೇ ಹೋಗಿ, ಹಿಂದಿಯಲ್ಲಿ ಜಗಳಾಡಿ, ಕಾಯಿಪಲ್ಲೆಯ ಚೀಲ ಹೊತ್ತು ಬಂದಳು. ಗಂಡ ಕೈ ಚಾಚಿದರೆ ಕೊಡಲಿಲ್ಲ.

ಮಳೆಗಾಲದ ಒಂದು ಕೆಮ್ಮು ಎದೆಗೆ ಇಳಿಯಿತು. ನ್ಯುಮೋನಿಯಾ ಅಂದರು. ಆಸ್ಪತ್ರೆಯಲ್ಲಿ ಯಾವ ಮದ್ದಿಗೂ ಜ್ವರ ಬಗ್ಗಲಿಲ್ಲ.

*

"ನಾ ಕೊಡಿಸಲಿಲ್ಲ, ಸಾವಿತ್ರಿ," ಎಂದರು ಜಯತೀರ್ಥರು ಕೊನೆಗೆ. "ಆಕಿನ ತಗೊಂಡ್ಳು."

ಸಾವಿತ್ರಿ ಅಕ್ಕನ ಸೆರಗು ಸರಿಮಾಡಿದಳು.

ಸ್ಮಶಾನದಿಂದ ಬಂದು ಸ್ನಾನ ಮುಗಿಸಿ ಜಯತೀರ್ಥರು ಅಡುಗೆಮನೆಯ ಬಾಗಿಲಿಗೆ ಬಂದರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ ಶ್ರೀವಿದ್ಯಾ, ಮಾದಾಪುರದ ಕಂಪನಿಗೆ ರಜೆ ಹಾಕಿ ಬೆಳಗಿನಿಂದ ಇಲ್ಲೇ ಇದ್ದವಳು, ಚಹಾಕ್ಕಿಟ್ಟು ಸಕ್ಕರೆ ಡಬ್ಬಿಯೊಡನೆ ಒದ್ದಾಡುತ್ತಿದ್ದಳು.

"ಆಂಟಿ ಎಷ್ಟು ಬಿಗಿಯಾಗಿ ಮುಚ್ಚಿಬಿಟ್ಟಿದ್ದಾರೆ ಅಂಕಲ್. ಬರ್ತಾನೇ ಇಲ್ಲ."

ಪ್ರಿಯಂವದಾಳ ಬೆರಳು ನೋಯಬಾರದೆಂದು ವರ್ಷಗಟ್ಟಲೆ ಆ ಮನೆಯಲ್ಲಿ ಯಾವ ಮುಚ್ಚಳವನ್ನೂ ಯಾರೂ ತಿರುವಿ ಮುಚ್ಚಿರಲಿಲ್ಲ. ಜಯತೀರ್ಥರು ಡಬ್ಬಿ ಇಸಿದುಕೊಂಡರು. ಮುಚ್ಚಳದ ಮೇಲೆ ಅಂಗೈ ಇಟ್ಟರು, ತಿರುವಲಿಲ್ಲ.

"ಸಕ್ರಿ ಬ್ಯಾಡವ್ವಾ," ಎಂದರು. "ಹಂಗ ಕೊಡು."