ಪತ್ತಾಕ್ಕ ಬಾಲ ಇತ್ತು

ಅಕ್ಕಲಕೋಟದ ದ್ರೌಪದಿಬಾಯಿ ಕನ್ಯಾ ನೋಡಾಕ ಅಂತ ಸೊಲ್ಲಾಪುರದ ನಮ್ಮ ಮನಿಗೆ ಬಂದ್ಲು. ನಮ್ಮ ಪಡಸಾಲಿ ಅರ್ಧಾ ತುಂಬೂವಂಥಾ ಹೆಂಗಸು. ಮೂರು ಕಪ್ಪು ಚಾ ಕುಡದು, ನನ್ನ ಮೊಮ್ಮಗಳು ಪೂನಮನ ಮಾರಿ ನೋಡಿ ಕೇಳಿದ್ಲು:

"ಯಾಕವಾ, ಮೊದಲೊಂದು ಸಾಖರಪುಡಾ ಆಗಿ ಮುರದೈತಂತಲ್ಲ, ಮಂದ್ರೂಪದವರ ಕೂಡ?"

ಪೂನಮ ಖಾಲಿ ಕಪ್ಪು ತಾಟಿನಾಗ ಇಟಗೊಂಡು ಒಳಗ ಹೋದ್ಲು. ವರ ಅಂದ್ರ ದ್ರೌಪದಿಬಾಯಿ ಮಗಾ ಯೋಗಿರಾಜ, ಗ್ವಾಡಿ ನೋಡಕೋತ ಸುಮ್ಮ ಕುಂತಿದ್ದ.

ಆ ಮುರದ ನಿಶ್ಚಯದ ಸುದ್ದಿ ಗೊತ್ತಿದ್ದದ್ದು ನಮ್ಮ ಮನಿ ಮಂದಿಗೆ, ಮತ್ತ ಬಾಜೂಮನಿ ಕಾಶೀಬಾಯಿಗೆ. ಕಾಶೀಬಾಯಿ ಇಲ್ಲಿ ಪಿಸುಗುಟ್ಟಿದ್ರ ಪುಣೆದಾಗ ಕೇಳಸ್ತೈತಿ. ಎಂಟು ದಿನ ಆಕಿ ಕೂಡ ಮಾತು ಬಿಟ್ಟೆ. ಆಕಿ ಕಳಿಸಿದ ಹೋಳಿಗಿ ಸುದ್ದಾ ಮುಟ್ಟಲಿಲ್ಲ. ಬರೇ ಎರಡು ತಿಂದೆ.

ಆಮ್ಯಾಲೆ ನೆನಪಾತು. ವಧೂವರ ಮಂಡಳದ ಫಾರ್ಮಿನಾಗ ಅದನ್ನ ಪೂನಮನ ಅಪ್ಪ, ನನ್ನ ಮಗಾ, ತಾನ ಬರದಿದ್ದ. ಫಾರ್ಮಿನ ಮ್ಯಾಲಿನ ಭಾಗ ಎಲ್ಲಾರಿಗೆ, ಕೆಳಗಿಂದು ಮಂಡಳದವರಿಗಷ್ಟ. ಈ ತೊಂಬತ್ತೊಂಬತ್ತನೇ ಇಸವಿಯೊಳಗ ಆ ಫಾರ್ಮೆಲ್ಲಾ ಇಂಟರನೆಟ್ಟಿಗೆ ಏರಿಸಿದಾಂವ ನನ್ನ ತಮ್ಮನ ಮೊಮ್ಮಗ ಮಯೂರ. ಅಂವನ ಆಫೀಸಿಗೆ ಹೋಗಿ ಕುಂತೆ.

"ಪೂನಮನ ಹಾಳಿ ತೋರಸು."

ತೋರಿಸಿದ. ಫೋಟೋದ ಮ್ಯಾಲೆ ಇಲ್ಲಿಂದ ಹುಲಜಂತಿ ಊರಿನತನಾ ಉದ್ದಂದೊಂದು ಸಾಲು.

"ಇದೇನೋ?"

"ಇದು ಹಾಳಿ ಪತ್ತಾ, ವಿಳಾಸ, ಆಯಿ. ಮೊದಲಿಂದು ಮಂಡಳದ ಹೆಸರು. ಈ ಪ್ರಶ್ನಾಚಿಹ್ನ ಆದಮ್ಯಾಲೆ ನಂಬರ ನಲವತ್ತೊಂದು, ಅದು ಪೂನಮಂದು. ಆಮ್ಯಾಲೆ ಶಾರ್ಟ್, ಅಂದ್ರ ಮ್ಯಾಲಿನ ಭಾಗ ಅಷ್ಟ ತೋರಸು ಅಂತ."

"ಈ ಸಾಲಿನ ಬಾಲದಾಗ ಶಾರ್ಟ್ ಅಳಿಸಿ ಪೂರಾ ತೋರಸು ಅಂತ ಬರದ್ರ?"

"ಫುಲ್ ಅಂತ ಬರೀಬೇಕು. ಅದನ್ನ ಮಂಡಳದವರು ಬರೀತಾರ."

"ಮಂಡಳದವರ ಬಟ್ಟು ಯಾವುದು, ಕಂಡವರ ಬಟ್ಟು ಯಾವುದು, ನಿನ್ನ ಪೆಟ್ಟಿಗಿಗೆ ಗೊತ್ತಾಗತೈತೇನು?"

ಮಯೂರ ಶಾರ್ಟ್ ಅಳಿಸಿದ. ಫುಲ್ ಅಂತ ಬರದ. ಕೆಳಗಿನ ಭಾಗ ಬಾಯಿ ತೆರಕೊಂಡು ಬಂತು, ಮಂದ್ರೂಪದ ಕತಿ ಎಲ್ಲಾ.

"ಇದು ಯಾರಿಗೆ ಹೊಳದೀತು ಆಯಿ?"

"ಎರಡನೇ ಕ್ಲಾಸಿಗೇ ಸಾಲಿ ಬಿಟ್ಟ ನನಗ ಹೊಳೀತಲ್ಲೋ ಶಾಣ್ಯಾ. ಈಗ ಯೋಗಿರಾಜಂದು ತಗಿ. ಮ್ಯಾಲಿಂದಷ್ಟ."

ಕೆಲಸ: ಅಕ್ಕಲಕೋಟದಾಗ ಕಾಂಪ್ಯೂಟರ ಕ್ಲಾಸಿನ ಮಾಸ್ತರ.

ನನ್ನ ಸಂಶೆ ಕಾಶೀಬಾಯಿ ಮ್ಯಾಲಿಂದ ಅಲ್ಲೇ ಇಳದು ಅಕ್ಕಲಕೋಟದ ಎಸ್ಟಿ ಬಸ್ಸು ಹತ್ತಿತು. ಮರುದಿನ ಕಾಶೀಬಾಯಿನ ಚಾಕ್ಕ ಕರದು, ಎಂಟು ದಿನ ಮೌನ ಹಿಡದಿದ್ದೆ ಅಂತ ಹೇಳಿದೆ. ಆಕಿ ನಂಬಲಿಲ್ಲ, ಚಾ ಮಾತ್ರ ಕುಡದ್ಲು.

ಮಯೂರ ಬಾಲಕ್ಕ ಕೀಲಿ ಹಾಕಿದ. ಇನ್ನ ಮಂಡಳದವರ ಗುಪ್ತ ಶಬ್ದ ಇಲ್ದ ಫುಲ್ ಅಂದ್ರ ತೆರಿಯೂದಿಲ್ಲ, ನಂಬರಿನ ಜಾಗಾದಾಗ ಬ್ಯಾರೆ ಏನರೆ ತುರುಕಿದ್ರೂ ಇಲ್ಲ ಅಂತೈತಿ. ನಾ ಸಾವಿರ ಸಲ ಬರಿಸಿ ನೋಡಿದೆ. ಅಂವನ ಬಟ್ಟು ಬಾತವು.

ಐತವಾರ ಪೂನಮನ್ನ ಕರಕೊಂಡು ವರನ ಮನಿ ನೋಡಾಕ ಅಕ್ಕಲಕೋಟಕ್ಕ ಹೋದೆ. ಮನಿ ಚೊಲೋ ಇತ್ತು, ಅಂಗಳದಾಗ ಆನಿ ಕಟ್ಟಬಹುದಿತ್ತು. ಉಪ್ಪಿಟ್ಟು ತಿಂದೆ. ಆಮ್ಯಾಲೆ ಕೇಳಿದೆ:

"ತಮ್ಮಾ, ಮಂಡಳದ ಪತ್ತಾದಾಗ ಫುಲ್ ಅಂತ ಬರದಾಂವ ನೀನ ಹೌದಲ್ಲ?"

ಯೋಗಿರಾಜ ಅವ್ವನ ಮಾರಿ ನೋಡಿದ. "ಮೊದಲ ತಿಳಕೊಳ್ಳೂದು ಚೊಲೋ ಅಲ್ಲೇನ್ರಿ? ಪೂನಮಂದಷ್ಟ ನೋಡಿದೆ."

"ನಲವತ್ತನೇ ನಂಬರಿನ ಹುಡುಗೀದು? ನಲವತ್ತೆರಡಂದು?"

ಅಂವ ನನ್ನ ಖಾಲಿ ತಾಟಿಗೆ ಮತ್ತ ಉಪ್ಪಿಟ್ಟು ಹಾಕಾಕ ಬಂದ.

"ನೋಡಿದ್ರೇನಾತ್ರಿ," ಅಂದ್ಲು ದ್ರೌಪದಿಬಾಯಿ. "ಹುಡುಗನ ಜನ್ಮದ ಪ್ರಶ್ನಿ."

ಪೂನಮ ತಾಟು ಕೆಳಗಿಟ್ಲು. "ನೋಡಿದ್ದಿರಲಿ. ಯಾಕ ಮುರೀತು ಅಂತನೂ ಅಲ್ಲೇ ಬರದಿತ್ತು. ಮಂದ್ರೂಪದವರು ನೌಕರಿ ಬಿಡು ಅಂದ್ರು, ನಾ ಒಲ್ಲೆ ಅಂದೆ. ಅದನ್ನ ಓದಿದವರು ನೀವು, ನಿಮ್ಮ ಅವ್ವ ಹತ್ತು ಮಂದ್ಯಾಗ ಕೇಳೂವಾಗ ಒಂದ ಮಾತು ಆಡಲಿಲ್ಲ."

"ಅವ್ವಗ ನಾನ ಕೇಳು ಅಂದಿದ್ದೆ," ಅಂದ ಯೋಗಿರಾಜ, ಮೆಲ್ಲಕ. "ನೀವು ಖರೇ ಹೇಳ್ತೀರೋ ಇಲ್ಲೋ ನೋಡಬೇಕಿತ್ತು."

ಪೂನಮ ಎದ್ದು ಚಪ್ಪಲಿ ಮೆಟ್ಟಿದ್ಲು. ಅರ್ಧಾ ಸೊಲ್ಲಾಪುರಕ್ಕ ನಾ ಆಗಲೇ ಲಗ್ನದ ಸುದ್ದಿ ಹೇಳಿಬಿಟ್ಟಿದ್ದೆ. ಆದ್ರೂ ಎದ್ದೆ.

ತಿರುಗಿ ಬರೂವಾಗ ಎಸ್ಟಿಯೊಳಗ ಎರಡೂ ಟಿಕೇಟು ಆಕಿನ ತಗದ್ಲು.

"ಮಂಡಳದಾಗಿಂದ ನಿನ್ನ ನಂಬರ ತಗಿಸಿಬಿಡ್ಲೇನವಾ?" ಅಂದೆ.

"ಬ್ಯಾಡ ಆಯಿ. ಆ ಕೆಳಗ ಬರದದ್ದನ್ನ ಮ್ಯಾಲಿನ ಭಾಗದಾಗ ಹಾಕು ಅಂತ ಮಯೂರಗ ಹೇಳು. ಅದನ್ನ ಓದಿ ಬರಾಂವ ಬರಲಿ."